ಕೊಳೆತ ಮರ, ಕೆಟ್ಟ ಮದರ್‌ಬೋರ್ಡ್

ಮೂರು ವಾರದಿಂದ ನನ್ನ ಮೇಜಿನ ಮೇಲೆ ಎರಡೇ ವಸ್ತು. ದಾರಿಬದಿ ಬಿದ್ದಿದ್ದ ಕೊಳೆತ ಮರದ ತುಂಡು, ಗುಜರಿಯಲ್ಲಿ ಸಿಕ್ಕ ಹಳೇ ಕಂಪ್ಯೂಟರಿನ ಮದರ್‌ಬೋರ್ಡ್ (ಬಿಡಿಭಾಗಗಳನ್ನೆಲ್ಲ ಜೋಡಿಸುವ ಮುಖ್ಯ ಹಲಗೆ). ಎರಡನ್ನೂ ಸೇರಿಸಿ ಒಂದು ಶಿಲ್ಪ ಮಾಡುತ್ತಿದ್ದೇನೆ. ನಿಜ ಹೇಳಬೇಕೆಂದರೆ ನನ್ನ ಕೈಕೆಲಸ ಕಡಿಮೆ, ಅವು ತಾವೇ ಮಾಡಿಕೊಂಡಿದ್ದು ಜಾಸ್ತಿ.

ಮರದ ಕತೆ ಕೇಳಿ. ಒಂದು ಬಗೆಯ ಅಣಬೆ ಮರದೊಳಗಿನ ನಾರಿನಂಥ ಸೆಲ್ಯುಲೋಸನ್ನೆಲ್ಲ ತಿಂದು, ಮರಕ್ಕೆ ಗಟ್ಟಿತನ ಕೊಡುವ ಕಂದು ಬಣ್ಣದ ಲಿಗ್ನಿನ್ ಮಾತ್ರ ಉಳಿಸುತ್ತದೆ. ಆಮೇಲೆ ಮರ ಒಣಗಿ ಕುಗ್ಗಿದಾಗ ಉದ್ದಕ್ಕೂ ಅಡ್ಡಕ್ಕೂ ಬಿರುಕು ಬಿಟ್ಟು ಚಿಕ್ಕ ಚಿಕ್ಕ ಚೌಕಗಳಾಗುತ್ತವೆ. ಉಗುರಲ್ಲಿ ಮೀಟಿದರೆ ಒಂದು ಚೌಕ ಹಾಗೇ ಕಳಚಿ ಬರುತ್ತದೆ, ಬೆರಳಲ್ಲಿ ಉಜ್ಜಿದರೆ ಪುಡಿ. ಥೇಟ್ ಪರದೆ ಮೇಲೆ ಒಡೆದುಹೋದ ಚಿತ್ರ!

ಬೋರ್ಡ್ ಕೂಡ ಕೊಳೆತಿದೆ. ಆ ಕಾಲದಲ್ಲಿ ಗಡಿಯಾರ ನಡೆಸಲು ಬೋರ್ಡಿಗೇ ಒಂದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಬೆಸೆದಿರುತ್ತಿದ್ದರು. ಅದು ಸೋರಿ, ಪಕ್ಕದ ತಾಮ್ರದ ಗೆರೆಗಳನ್ನು ತಿಂದುಹಾಕಿದೆ. ಅಲ್ಲೆಲ್ಲ ನೀಲಿ-ಹಸಿರು ಹೊಪ್ಪಳೆ, ಕಲ್ಲಿಗೆ ಪಾಚಿ ಹಿಡಿದ ಹಾಗೆ. (ಇಂಥದ್ದನ್ನು ಮುಟ್ಟುವಾಗ ಕೈಗವಸು ಬೇಕೇ ಬೇಕು. ಹಳೇ ಬೆಸುಗೆಯಲ್ಲಿ ಸೀಸ ಇರುತ್ತದೆ, ಉಜ್ಜಬೇಡಿ.)

ಆದರೆ ಮರ ಕೊಳೆತರೆ ಅದು ಇನ್ಯಾವುದಕ್ಕೋ ಊಟ. ಬೋರ್ಡಿನ ಗಾಜಿನ ನಾರು, ಅದನ್ನು ಹಿಡಿದಿಡುವ ಎಪಾಕ್ಸಿ ಅಂಟು ಯಾರ ಹೊಟ್ಟೆಗೂ ಹೋಗುವುದಿಲ್ಲ, ಅಲ್ವಾ? 2022ರ ಒಂದೇ ವರ್ಷ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಬಿದ್ದಿದೆ, ಸರಿಯಾಗಿ ಸಂಗ್ರಹಿಸಿ ಮರುಬಳಕೆ ಮಾಡಿದ ಲೆಕ್ಕ ಸಿಗುವುದು 22.3% ಮಾತ್ರ. ಈ ಸಂಕಟವೇ ನನ್ನನ್ನು ಈ ಕೆಲಸಕ್ಕೆ ಕೂರಿಸಿದ್ದು.

ಹೀಗೇ ಕಾಣುತ್ತಿರಲಿ ಅಂತ ಮೇಲೆ ರೆಸಿನ್ (ಗಾಜಿನಂತೆ ಗಟ್ಟಿಯಾಗುವ ಪಾರದರ್ಶಕ ದ್ರವ) ಸುರಿದುಬಿಡು, ಶಾಶ್ವತವಾಗಿ ಉಳಿಯುತ್ತದೆ ಎಂದರು ಗೆಳೆಯರೊಬ್ಬರು. ನನಗೆ ಟಿವಿಗಳಿಂದ ಶಿಲ್ಪ ಮಾಡುತ್ತಿದ್ದ ಕಲಾವಿದ ನಾಮ್ ಜುನ್ ಪೈಕ್ ನೆನಪಾದರು. ಅವರು 1988ರಲ್ಲಿ ದಕ್ಷಿಣ ಕೊರಿಯಾದಲ್ಲಿ 1,003 ಟಿವಿಗಳ ಗೋಪುರ ಕಟ್ಟಿದರು. ಟಿವಿಗಳು ಹಳತಾಗಿ 2018ರಲ್ಲಿ ಅದನ್ನು ಆರಿಸಬೇಕಾಯಿತು. ರಿಪೇರಿ ಮಾಡಿ, ಕೆಲವು ಕಡೆ ಎಲ್‌ಸಿಡಿ ಪರದೆ ಕೂರಿಸಿ, 2022ರಲ್ಲಿ ಮತ್ತೆ ಬೆಳಗಿಸಿದರು. ಅದು ಬೆಳಗಲೆಂದೇ ಹುಟ್ಟಿದ ಶಿಲ್ಪ, ಉಳಿಸಿದ್ದು ಸರಿಯೇ. ನನ್ನದು ಸವೆಯಲೆಂದೇ ಹುಟ್ಟಿದ್ದು. ರೆಸಿನ್ ಹಾಕುವುದಿಲ್ಲ.

ಅದರ ಬದಲು ಎರಡನ್ನೂ ಒಂದು ಗಾಜಿನ ಪೆಟ್ಟಿಗೆಯಲ್ಲಿಟ್ಟು, ದಿನಾ ಸಂಜೆ ಮರಕ್ಕೆ ನೀರು ಚಿಮುಕಿಸುತ್ತೇನೆ, ಬೆಳಗ್ಗೆ ಎದ್ದು ಒಂದು ಫೋಟೋ ತೆಗೆಯುತ್ತೇನೆ. ಇವತ್ತು ನೋಡಿದರೆ ಕೂದಲಿನಷ್ಟು ತೆಳ್ಳಗಿನ ಬಿಳಿ ಎಳೆಯೊಂದು ಮರದಿಂದ ಹೊರಟು, ಬೋರ್ಡಿನ ಸ್ಕ್ರೂ ತೂತಿನಲ್ಲಿ ತೂರಿ ಈಚೆ ಬಂದಿತ್ತು.