ತಿಳಿದವನು ಯಾರು, ಬರೀ ಬಾಯಿ ಇರುವವನು ಯಾರು?

ನಾನು ಪ್ಲೇಟೋ ಓದುತ್ತೇನೆ ಅಂತ ಗೊತ್ತಾದವರೆಲ್ಲ ಇದನ್ನೇ ಕೇಳುತ್ತಾರೆ. ನಿಜವಾಗಿ ತಿಳಿದವನನ್ನೂ ತಿಳಿದವನ ಹಾಗೆ ಮಾತಾಡುವವನನ್ನೂ ಬೇರೆ ಮಾಡೋಕೆ ಆ ಗ್ರೀಕರು ಏನಾದರೂ ಉಪಾಯ ಹೇಳಿದ್ದಾರಾ?

ಹೇಳಿದ್ದಾರೆ, ಆದರೆ ಅದು ಸಲೀಸಾದದ್ದಲ್ಲ.

ಕ್ರಿ.ಪೂ. 427ರಲ್ಲಿ ಸಿಸಿಲಿಯಿಂದ ಅಥೆನ್ಸಿಗೆ ರಾಯಭಾರಿಯಾಗಿ ಬಂದ ಗೋರ್ಗಿಯಸ್ ದೊಡ್ಡ ಮಾತುಗಾರ. ಪ್ಲೇಟೋ ಅವನ ಹೆಸರಲ್ಲೇ ಬರೆದ ಸಂವಾದದಲ್ಲಿ ಅವನು ಜಂಬ ಕೊಚ್ಚಿಕೊಳ್ಳುತ್ತಾನೆ: ವೈದ್ಯನಾದ ತನ್ನ ಒಡಹುಟ್ಟಿದವನು ಎಷ್ಟು ಹೇಳಿದರೂ ಔಷಧಿ ಕುಡಿಯದ ರೋಗಿಗಳನ್ನು ತಾನು ಸುಮ್ನೆ ಮಾತಾಡಿಯೇ ಒಪ್ಪಿಸಿದ್ದೇನೆ, ಊರಿಗೊಬ್ಬ ವೈದ್ಯನನ್ನು ಆರಿಸುವ ಸಭೆಯಲ್ಲೂ ವೈದ್ಯನೆದುರು ಮಾತುಗಾರನೇ ಗೆಲ್ಲುತ್ತಾನೆ ಅಂತ. ಅಲ್ಲಿ ಅವನ ಜೊತೆ ವಾದಿಸುವ ಸಾಕ್ರಟೀಸ್, ಪ್ಲೇಟೋನ ಗುರು, ಇದನ್ನು ಅಲ್ಲಗಳೆಯುವುದಿಲ್ಲ. ಗೆಲ್ಲಬಹುದು, ಏನೂ ತಿಳಿಯದವರ ಮುಂದೆ ಅನ್ನುತ್ತಾನೆ. ಮುಂದೆ ಅವನು ಕೊಡುವ ಉದಾಹರಣೆ ನನಗೆ ಬಹಳ ಇಷ್ಟ: ಮಕ್ಕಳನ್ನು ನ್ಯಾಯ ಹೇಳೋಕೆ ಕೂರಿಸಿ, ವೈದ್ಯನ ಮೇಲೆ ಅಡುಗೆಯವನು ದೂರು ಕೊಟ್ಟರೆ? ಒಬ್ಬ ಕಹಿ ಕುಡಿಸಿದವನು, ಇನ್ನೊಬ್ಬ ಸಿಹಿ ತಿನ್ನಿಸಿದವನು. ತೀರ್ಪು ಗೊತ್ತೇ ಇದೆ ಅಲ್ವಾ? ತನ್ನ ಮೇಲೆ ಕೇಸು ಬಿದ್ದರೂ ಹೀಗೇ ಆಗುತ್ತೆ ಅಂತಾನೆ. ಕ್ರಿ.ಪೂ. 399ರಲ್ಲಿ ಹಾಗೇ ಆಯಿತು, ಅಥೆನ್ಸಿನ ನ್ಯಾಯಸಭೆ ಅವನಿಗೆ ಮರಣದಂಡನೆ ಕೊಟ್ಟಿತು.

ಸಾಕ್ರಟೀಸನ ಉಪಾಯ ಪ್ರಶ್ನೆ ಕೇಳುವುದು, ಉತ್ತರ ಬಂದಮೇಲೆ ಅದರ ಮೇಲೆ ಇನ್ನೊಂದು ಕೇಳುವುದು. ತಿಳಿದವರು ಅನ್ನಿಸಿಕೊಂಡ ಮೂರು ಬಗೆಯವರನ್ನು ಅವನು ಹೀಗೆ ಕೇಳಿ ನೋಡಿದ. ರಾಜಕಾರಣಿಗಳು ಬೇಗ ಸಿಕ್ಕಿಬಿದ್ದರು. ಕವಿಗಳಿಗೆ ತಾವು ಬರೆದದ್ದನ್ನೇ ವಿವರಿಸೋಕೆ ಬರಲಿಲ್ಲ. ಜಾಸ್ತಿ ಜನ ಇಲ್ಲಿಗೇ ನಿಲ್ಲಿಸುತ್ತಾರೆ, ಆದರೆ ಸ್ವಾರಸ್ಯ ಇರುವುದು ಮೂರನೆಯವರಲ್ಲಿ, ಕೈಕಸುಬಿನವರಲ್ಲಿ. ಅವರಿಗೆ ಕೆಲಸ ನಿಜವಾಗಿ ಗೊತ್ತಿತ್ತು, ಅದನ್ನು ಸಾಕ್ರಟೀಸನೂ ಒಪ್ಪಿದ. ಆದರೆ ಒಂದು ಗೊತ್ತಿದೆ ಅನ್ನುವ ಧೈರ್ಯದಲ್ಲಿ ಎಲ್ಲ ದೊಡ್ಡ ವಿಷಯಗಳೂ ತಮಗೆ ಗೊತ್ತು ಅಂದುಕೊಂಡಿದ್ದರು. ಒಳ್ಳೆಯ ಡಾಕ್ಟರೊಬ್ಬರು ದೇಶದ ಆರ್ಥಿಕತೆ ಬಗ್ಗೆ ಪಾಠ ಶುರುಮಾಡಿದರೆ ನನಗೆ ಇದೇ ನೆನಪಾಗುವುದು.

ಪ್ರಶ್ನೆ ಕೇಳಿದರೆ ಸಾಕಾ? ಸಾಲದು ಅಂತ ತೋರಿಸುವವನೂ ಪ್ಲೇಟೋನೇ. 'ಖಾರ್ಮಿಡೀಸ್' ಸಂವಾದದಲ್ಲಿ ಸಾಕ್ರಟೀಸ್ ಒಂದು ತೊಡಕು ಎತ್ತುತ್ತಾನೆ: ಕಳ್ಳವೈದ್ಯನನ್ನು ಹಿಡಿಯಬೇಕಾದರೆ ಹಿಡಿಯುವವನಿಗೂ ವೈದ್ಯಶಾಸ್ತ್ರ ಗೊತ್ತಿರಬೇಕು, ಇಲ್ಲದಿದ್ದರೆ ಉತ್ತರ ಸರಿಯೋ ತಪ್ಪೋ ಅಂತ ಹೇಳುವುದು ಹೇಗೆ? ಅದಕ್ಕೇ ಕೇಳಿದವರಿಗೆಲ್ಲ ನಾನು ಹೇಳುವುದು, ಹೊರಗೆ ನಿಂತು ಪತ್ತೆಹಚ್ಚೋಕೆ ಆಗಲ್ಲ, ಆ ವಿಷಯವನ್ನು ನೀವೂ ಸ್ವಲ್ಪ ಕಲಿಯಲೇಬೇಕು. ಬೇಜಾರಾಗುತ್ತಾರೆ.

ಆ ಸಂವಾದ ಉತ್ತರ ಸಿಗದೆ ಮುಗಿಯುತ್ತದೆ. ಅದರಲ್ಲಿ ಸಾಕ್ರಟೀಸನ ಜೊತೆ ಕೂತು ವಿವೇಕ ಅಂದರೇನು ಅಂತ ಚರ್ಚೆ ಮಾಡುವವರು ಇಬ್ಬರು, ಖಾರ್ಮಿಡೀಸ್ ಮತ್ತು ಕ್ರಿಟಿಯಸ್. ಕ್ರಿ.ಪೂ. 404ರಲ್ಲಿ ಅಥೆನ್ಸಿನ ಜನರನ್ನು ಕೊಲ್ಲಿಸಿ ಆಳಿದ ಮೂವತ್ತು ಜನರ ಗುಂಪಿಗೆ ಕ್ರಿಟಿಯಸ್ ಮುಂದಾಳು, ಖಾರ್ಮಿಡೀಸ್ ಅವರ ಕಡೆಯವನು. ಮರುವರ್ಷ ಇಬ್ಬರೂ ಒಂದೇ ಕಾಳಗದಲ್ಲಿ ಸತ್ತರು. ಖಾರ್ಮಿಡೀಸ್ ಪ್ಲೇಟೋಗೆ ಸೋದರಮಾವ.