ಗ್ರೇಹಾಕ್‌ನಿಂದ ಲೇಕ್ ಜಿನೀವಾಗೆ

ಷಿಕಾಗೊದ ಓಗಿಲ್ವಿ ನಿಲ್ದಾಣದಲ್ಲಿ ಬೆಳಗಿನ ರೈಲು ಹತ್ತಿದಾಗ ನನ್ನ ಚೀಲದಲ್ಲಿ ಎರಡು ನೋಟ್‌ಬುಕ್‌ಗಳಿದ್ದವು. ಒಂದರ ತುಂಬ ನಾನು ಒಂದೂವರೆ ವರ್ಷದಿಂದ ಕಟ್ಟುತ್ತಿರುವ ನಗರ: ಅದರ ಏಳು ಹೆಬ್ಬಾಗಿಲು, ಕೇರಿಗೊಬ್ಬ ದೇವರು, ಆಳಿದ ಮನೆತನಗಳ ವಂಶಾವಳಿ. ಇನ್ನೊಂದು ಖಾಲಿ.

ಶನಿವಾರ ರಾತ್ರಿ ಒಂಬತ್ತಕ್ಕೆ, ಬೆಂಗಳೂರಿನವರ ಲೆಕ್ಕದಲ್ಲಿ ಭಾನುವಾರ ಬೆಳಿಗ್ಗೆ ಏಳೂವರೆಗೆ, ನಾವು ಐದು ಜನ ಆನ್‌ಲೈನ್‌ನಲ್ಲಿ ಸೇರಿ ಕನ್ನಡದಲ್ಲೇ ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುತ್ತೇವೆ. ಆಡದವರಿಗೆ ನಾನು ಇದನ್ನು ತಾಳಮದ್ದಳೆಯ ಹೋಲಿಕೆ ಕೊಟ್ಟೇ ವಿವರಿಸುವುದು. ವೇಷವಿಲ್ಲ, ರಂಗವಿಲ್ಲ, ಕೂತಲ್ಲೇ ಪಾತ್ರವಾಗಿ ಮಾತಾಡಬೇಕು, ಎದುರಿನವರ ಮಾತಿಗೆ ಅಲ್ಲೇ ಮಾತು ಹುಟ್ಟಬೇಕು. ತಾಳಮದ್ದಳೆಯಲ್ಲಿ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು. ಇಲ್ಲಿ ಮಾತ್ರ ಅದು ಯಾರಿಗೂ ಗೊತ್ತಿಲ್ಲ, ಇಪ್ಪತ್ತು ಮುಖದ ದಾಳ ಉರುಳಿದ ಮೇಲೆ ತಿಳಿಯುತ್ತದೆ. ಲೋಕವನ್ನು ಕಟ್ಟಿ, ಎದುರಾಗುವವರೆಲ್ಲರ ಬಾಯಿಂದಲೂ ಮಾತಾಡುವವರು ಡಂಜನ್ ಮಾಸ್ಟರ್, ಅಂದರೆ ಡಿಎಂ. ನಮ್ಮ ಗುಂಪಿನಲ್ಲಿ ಅದು ನಾನು.

ಆಟಗಾರರು ನನ್ನ ನಗರಕ್ಕೆ ಕಾಲಿಟ್ಟು ನಾಲ್ಕು ಸೆಷನ್ ಆಗಿತ್ತು. ಮನೆತನಗಳ ಸುದ್ದಿಯನ್ನು ಯಾರೂ ಎತ್ತಲಿಲ್ಲ. “ಇಲ್ಲಿ ಊಟ ಎಲ್ಲಿ ಸಿಗುತ್ತೆ?” ಅಂದರು. “ಈ ಕತ್ತಿಯನ್ನು ಯಾರು ಕೊಳ್ತಾರೆ?” ಅಂದರು. ನನ್ನ ಪುಟಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಈ ಆಟದ ಅತಿ ಹಳೆಯ ನಗರಗಳಲ್ಲಿ ಒಂದಾದ ಗ್ರೇಹಾಕ್ ಹೇಗೆ ಹುಟ್ಟಿತು ಎಂದು ಓದತೊಡಗಿದ್ದು ಆಗ. ಓದುತ್ತಾ ಹೋದಂತೆ ಅದು ಹುಟ್ಟಿದ ಊರು ಲೇಕ್ ಜಿನೀವಾ, ನನ್ನ ಮನೆಯಿಂದ ಅರ್ಧ ದಿನದ ದಾರಿ ಎಂದು ಗೊತ್ತಾಯಿತು.

ಅದಕ್ಕಿಂತ ಬೆರಗಿನ ಸಂಗತಿ ಇನ್ನೊಂದಿತ್ತು. ಡೇವ್ ಆರ್ನೆಸನ್ ಜೊತೆ ಸೇರಿ ಈ ಆಟವನ್ನು ರೂಪಿಸಿದ, ಗ್ರೇಹಾಕ್ ಕಟ್ಟಿದ ಗ್ಯಾರಿ ಗೈಗ್ಯಾಕ್ಸ್ ತಮ್ಮ ಮೊದಲ ನಕ್ಷೆಯನ್ನು ಉತ್ತರ ಅಮೆರಿಕದ ಭೂಪಟದ ಮೇಲೆಯೇ ಬರೆದುಕೊಂಡಿದ್ದರು. ತಾವು 1938ರಲ್ಲಿ ಹುಟ್ಟಿದ ಷಿಕಾಗೊ ಇರುವ ಜಾಗಕ್ಕೆ ಗ್ರೇಹಾಕ್ ನಗರ, ಮಿಲ್ವಾಕಿ ಇರುವಲ್ಲಿ ಡೈವರ್ಸ್ ಎಂಬ ಊರು. ಹಾಗಾಗಿ ರೈಲು ಹೊರಟಾಗ ನಾನು ಬಿಟ್ಟು ಹೋಗುತ್ತಿದ್ದದ್ದೇ ಗ್ರೇಹಾಕ್. ಕಿಟಕಿಯಾಚೆ ನದಿ, ಗೋದಾಮುಗಳು, ಸೇತುವೆಗಳು ಸರಿದುಹೋದವು. ದಿನಾ ನೋಡುವ ಊರೇ ಅವತ್ತು ಬೇರೆಯಾಗಿ ಕಂಡಿತು.

ರೈಲು ಹಾರ್ವರ್ಡ್ ಎಂಬ ಪುಟ್ಟ ಊರಿನಲ್ಲಿ ಕೊನೆಯಾಗುತ್ತದೆ. ಸುಮಾರು 100 ಕಿ.ಮೀ., ಎರಡು ಗಂಟೆಗೆ ಹತ್ತಿರದ ಪ್ರಯಾಣ. ವಿಶ್ವವಿದ್ಯಾಲಯದ ಹಾರ್ವರ್ಡ್ ಅಲ್ಲ, ಇದು ಹಾಲಿನ ಊರು. ನಡುಬೀದಿಯಲ್ಲಿ ಹಾರ್ಮಿಲ್ಡಾ ಎಂಬ ಹಸುವಿನ ಪ್ರತಿಮೆ ಇದೆ. ಅಲ್ಲಿಂದ ಮುಂದೆ ಟ್ಯಾಕ್ಸಿ. ವಿಲಿಯಮ್ಸ್ ಬೇ ಮೇಲಿಂದ ಹೋಗೋಣ ಎಂದು ಚಾಲಕರನ್ನು ಕೇಳಿಕೊಂಡೆ, ಯೆರ್ಕಿಸ್ ವೀಕ್ಷಣಾಲಯಕ್ಕಾಗಿ. ಸುಬ್ರಹ್ಮಣ್ಯನ್ ಚಂದ್ರಶೇಖರ್ 1937ರಿಂದ ಎರಡೂವರೆ ದಶಕಕ್ಕೂ ಹೆಚ್ಚು ಕಾಲ ಕೆಲಸ ಮಾಡಿದ್ದು ಇಲ್ಲಿ. ಅವರು ನಕ್ಷತ್ರಗಳ ಗಣಿತ ಬರೆಯುತ್ತಿದ್ದ ವರ್ಷಗಳಲ್ಲೇ ಇದೇ ಸರೋವರದ ಮತ್ತೊಂದು ತುದಿಯಲ್ಲಿ ಒಬ್ಬ ಹುಡುಗ ಗೆಳೆಯರೊಡನೆ ಪಾಳು ಬಿದ್ದ ಓಕ್‌ವುಡ್ ಸ್ಯಾನಟೋರಿಯಂಗೆ ನುಗ್ಗಿ ಕತ್ತಲಲ್ಲಿ ತಿರುಗುತ್ತಿದ್ದ. ಎಂಟನೆಯ ವಯಸ್ಸಿಗೆ ಷಿಕಾಗೊ ಬಿಟ್ಟು ತಾಯಿಯ ಕಡೆಯವರ ಈ ಊರಿಗೆ ಬಂದಿದ್ದ ಗೈಗ್ಯಾಕ್ಸ್ ಅದು.

ಲೇಕ್ ಜಿನೀವಾ ವಿಸ್ಕಾನ್ಸಿನ್‌ನ ಬೇಸಿಗೆಯ ಊರು. ಷಿಕಾಗೊದ ಸಿರಿವಂತರ ಹಳೆಯ ಬಂಗಲೆಗಳು ನೀರಿನ ಸುತ್ತ ಕೂತಿವೆ. ಅವುಗಳ ಅಂಗಳದಲ್ಲೇ ಹಾದುಹೋಗುವ ಕಾಲುದಾರಿಯಲ್ಲಿ ಯಾರು ಬೇಕಾದರೂ ನಡೆಯಬಹುದು. ನಾನು ಸ್ವಲ್ಪ ದೂರ ನಡೆದೆ. ಅಷ್ಟರಲ್ಲಿ ಅಂಚೆಯ ದೋಣಿ ಬಂತು. 1916ರಿಂದ ಬೇಸಿಗೆಯಲ್ಲಿ ಇಲ್ಲಿ ಹೀಗೇ ಅಂಚೆ ಹಂಚುವುದು: ದೋಣಿ ನಿಲ್ಲುವುದಿಲ್ಲ. ಒಬ್ಬ ಹುಡುಗಿ ಚಲಿಸುವ ದೋಣಿಯಿಂದ ಕಟ್ಟೆಗೆ ಜಿಗಿದಳು, ಓಡಿ ಪೆಟ್ಟಿಗೆಗೆ ಕಾಗದ ತುರುಕಿದಳು, ಮತ್ತೆ ಓಡಿ ದೋಣಿಯ ಹಿಂಬದಿಗೆ ಹಾರಿದಳು. ನೀರು ಇನ್ನೊಂದು ಮಾರು ಅಗಲವಾಗಿದ್ದರೆ ಸಿಗುತ್ತಿರಲಿಲ್ಲ. ನನ್ನ ಕೈ ತಾನಾಗಿ ಜೇಬಿನಲ್ಲಿದ್ದ ದಾಳವನ್ನು ಹಿಡಿದಿತ್ತು.

ಸೆಂಟರ್ ಸ್ಟ್ರೀಟ್‌ನ 330ನೇ ಮನೆ ಸರೋವರದಿಂದ ಹೆಚ್ಚು ದೂರವಿಲ್ಲ. ಎರಡಂತಸ್ತಿನ ಮರದ ಮನೆ. ಈಗ ಬೇರೆಯವರದು, ಆದ್ದರಿಂದ ರಸ್ತೆಯ ಆಚೆ ಬದಿಯಲ್ಲೇ ನಿಂತೆ. ನನಗೆ ಬೇಕಾಗಿದ್ದದ್ದು ಕಣ್ಣಿಗೆ ಕಾಣದ ಭಾಗ, ಅದರ ನೆಲಮಾಳಿಗೆ. ಗೈಗ್ಯಾಕ್ಸ್ ವಿಮಾ ಕಂಪನಿಯೊಂದರ ಕೆಲಸಕ್ಕೆಂದು ಇಲ್ಲಿಂದ ಷಿಕಾಗೊಗೆ ರೈಲಿನಲ್ಲಿ ಓಡಾಡುತ್ತಿದ್ದವರು. 1970ರಲ್ಲಿ ಆ ಕೆಲಸ ಹೋಯಿತು. ಆಮೇಲೆ ಹೊಟ್ಟೆಪಾಡಿಗೆ ಮನೆಯಲ್ಲೇ ಶೂ ರಿಪೇರಿ ಮಾಡಿದರು, ಉಳಿದ ಹೊತ್ತಿನಲ್ಲಿ ಆಟದ ನಿಯಮ ಬರೆದರು.

1972ರ ಕೊನೆಯಲ್ಲಿ ಡೇವ್ ಆರ್ನೆಸನ್ ಮಿನೆಸೋಟಾದಿಂದ ಈ ಮನೆಗೆ ಬಂದು, ತಾವು ಕಟ್ಟಿದ್ದ ಬ್ಲ್ಯಾಕ್‌ಮೂರ್ ಎಂಬ ಲೋಕದಲ್ಲಿ ಗೈಗ್ಯಾಕ್ಸ್ ಅವರನ್ನು ಆಡಿಸಿದರು. ಒಬ್ಬ ಆಟಗಾರನಿಗೆ ಒಂದೇ ಪಾತ್ರ, ಕೋಟೆಯ ಕೆಳಗೆ ನೆಲದೊಳಗಿನ ದಾರಿಗಳು, ಆಟದಿಂದ ಆಟಕ್ಕೆ ಬೆಳೆಯುವ ಸಾಹಸಿ: ಇದು ಆರ್ನೆಸನ್ ತಂದ ಬೀಜ. ಗ್ರೇಹಾಕ್ ಮಾತಾಡುವವರು ಇದನ್ನು ಬಿಟ್ಟು ಮಾತಾಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಗೈಗ್ಯಾಕ್ಸ್ ತಮ್ಮದೇ ಒಂದು ಪಾಳುಕೋಟೆ ಬರೆದು, ಅದರಡಿಯ ಮೊದಲ ಅಂತಸ್ತಿಗೆ ತಮ್ಮ ಮಕ್ಕಳಾದ ಅರ್ನಿ ಮತ್ತು ಎಲಿಸ್ ಅವರನ್ನು ಇಳಿಸಿದರು. ಮಕ್ಕಳಿಗೆ 3000 ತಾಮ್ರದ ನಾಣ್ಯಗಳ ಪೆಟ್ಟಿಗೆ ಸಿಕ್ಕಿತು. ಹೊರಲಾರದಷ್ಟು ಭಾರ! ಸಿಕ್ಕ ನಿಧಿಯನ್ನು ಬಿಟ್ಟು ಬರಬೇಕಾದ ಮಕ್ಕಳ ಮುಖ ಹೇಗಿದ್ದಿರಬಹುದು ಎಂದು ಆ ಮನೆಯ ಮುಂದೆ ನಿಂತು ಬಹಳ ಹೊತ್ತು ಯೋಚಿಸಿದೆ. ಅವರು ಮಲಗಿದ ಮೇಲೆ ಅಪ್ಪ ಎರಡನೆಯ ಅಂತಸ್ತು ಬರೆಯಲು ಕೂತರು. ಮರುದಿನ ಗೆಳೆಯ ಡಾನ್ ಕೇ, ರಾಬ್ ಮತ್ತು ಟೆರಿ ಕುಂಟ್ಸ್ ಸೋದರರು ಸೇರಿಕೊಂಡರು. ಅಂತಸ್ತುಗಳು ಕೆಳಕೆಳಗೆ ಬೆಳೆದು ಹದಿಮೂರಾದವು. ತಳದಲ್ಲಿ ಕೋಟೆ ಕಟ್ಟಿದ ಹುಚ್ಚು ಮಾಂತ್ರಿಕ ಝ್ಯಾಗಿಗ್. ಅಲ್ಲಿಯವರೆಗೆ ತಲುಪಿದವರು ಜಾರುಬಂಡೆಯಲ್ಲಿ ಜಾರಿ ಭೂಮಿಯ ಇನ್ನೊಂದು ಮಗ್ಗುಲಿಗೆ ಹೋಗಿ ಬೀಳುತ್ತಿದ್ದರು.

ನಗರ ಎಲ್ಲಿ ಬಂತು? ನಗರ ಆಮೇಲೆ ಬಂತು. ಕತ್ತಲಿನಿಂದ ಮೇಲೆ ಬಂದವರಿಗೆ ಮಲಗಲು ಛತ್ರ ಬೇಕು, ಚಿನ್ನ ಮಾರಲು ಅಂಗಡಿ ಬೇಕು, ಗಾಯಕ್ಕೆ ಮದ್ದು ಬೇಕು. ಕೋಟೆಯ ಪಕ್ಕದ ಊರು ಹಾಗೆ ಅಗತ್ಯಕ್ಕೆ ತಕ್ಕಂತೆ ತುಂಬುತ್ತಾ ಹೋಯಿತು, ಅದರ ಗ್ರೀನ್ ಡ್ರ್ಯಾಗನ್ ಛತ್ರ ಹೆಸರುವಾಸಿಯಾಯಿತು. ಕಳ್ಳರಿಗೂ ಒಂದು ಸಂಘ, ಭಿಕ್ಷುಕರಿಗೂ ಒಂದು ಸಂಘ ಇರುವ ವ್ಯಾಪಾರದ ಊರು. ಸೆಲಿಂಟಾನ್ ನದಿಯ ದಡ. ಉತ್ತರಕ್ಕೆ ನೈರ್ ಡಿವ್, ಅಂದರೆ ಆಳ ತಿಳಿಯದ ಸರೋವರ. ಅರ್ನಿಯ ಪಾತ್ರಕ್ಕೆ ಟೆನ್ಸರ್ ಎಂದು ಹೆಸರು, ಅರ್ನೆಸ್ಟ್‌ನ ಇಂಗ್ಲಿಷ್ ಅಕ್ಷರಗಳನ್ನು ಕಲಸಿದ್ದು. ಝ್ಯಾಗಿಗ್ ಎಂದರೆ ಅವರ ಮನೆತನದ ಹೆಸರನ್ನೇ ತಿರುಗಿಸಿದ್ದು. ಆ ನಗರದ ಬೀದಿಗಳಲ್ಲಿ ಈ ಮನೆಯ ಊಟದ ಮೇಜಿನ ಸುತ್ತ ಕೂತವರೇ ಓಡಾಡುತ್ತಿದ್ದಾರೆ. ಮೊದಲ ಪ್ರಕಟಿತ ಲೋಕನಕ್ಷೆ 1980ರಲ್ಲಿ ಬಂತು. ಡಾರ್ಲೀನ್ ಎಂಬ ಕಲಾವಿದೆ ಬಿಡಿಸಿದ ಆ ಷಟ್ಕೋನಗಳ ನಕ್ಷೆಯಷ್ಟು ಚೆಂದದ್ದನ್ನು ಈ ಆಟದಲ್ಲಿ ನಾನು ಬೇರೆ ನೋಡಿಲ್ಲ. ಆ ಹೊತ್ತಿಗೆ ನಗರಕ್ಕೆ ಏಳೆಂಟು ವರ್ಷ ಕಳೆದಿತ್ತು, ಎಷ್ಟೋ ಜನ ಅದರಲ್ಲಿ ಬಾಳಿ ಸತ್ತಿದ್ದರು.

ಮನೆಯಿಂದ ಕೂಗಳತೆಯಲ್ಲಿ ಹಾರ್ಟಿಕಲ್ಚರಲ್ ಹಾಲ್ ಇದೆ. 1968ರಲ್ಲಿ ಗೈಗ್ಯಾಕ್ಸ್ 50 ಡಾಲರ್ ಬಾಡಿಗೆ ಕೊಟ್ಟು ಇಲ್ಲಿ ಜೆನ್ ಕಾನ್ ಎಂಬ ಆಟಗಾರರ ಸಮಾವೇಶವನ್ನು ಮೊದಲ ಸಲ ನಡೆಸಿದರು. ಈಗ ಮದುವೆಗಳು ನಡೆಯುವ ಜಾಗ. ಬಾಗಿಲು ಹಾಕಿತ್ತು, ಸುತ್ತ ಒಂದು ಸುತ್ತು ಬಂದೆ. 1974ರ ಜನವರಿಯಲ್ಲಿ ಹೊರಬಂದ ಆಟದ ಮೊದಲ 1000 ಪ್ರತಿಗಳಿಗೂ ಇದೇ ಊರಿನ ಮನೆಗಳೇ ಉಗ್ರಾಣ. ತನ್ನ ಜೀವವಿಮೆಯ ಮೇಲೆ ಸಾಲ ಎತ್ತಿ ಅದಕ್ಕೆ ಹಣ ಹೂಡಿದ ಡಾನ್ ಕೇ ಮರುವರ್ಷದ ಜನವರಿಯಲ್ಲೇ ತೀರಿಕೊಂಡರು. ಮೂವತ್ತಾರು ವರ್ಷ. ಆಟದ ಪೆಟ್ಟಿಗೆಗಳು ದೇಶದೇಶಕ್ಕೆ ಹೋದದ್ದನ್ನು ಅವರು ನೋಡಲಿಲ್ಲ. ಆ ಕಟ್ಟಡದ ಮೆಟ್ಟಿಲ ಬಳಿ ನನಗೆ ಅವರದೇ ನೆನಪು ಹೆಚ್ಚಾಗಿ ಬಂತು.

ಸಂಜೆ ಸರೋವರದ ದಡದಲ್ಲಿ ಕೂತು ಖಾಲಿ ನೋಟ್‌ಬುಕ್ ತೆಗೆದೆ. ಒಂದೇ ಪುಟ ಎಂದು ಗಟ್ಟಿ ಮಾಡಿಕೊಂಡೆ. ಮೊದಲು ಒಂದು ನದಿ, ಅದಕ್ಕೆ ಕಡವು. ಕಡವಿನ ಮೇಲೆ ಒಂದು ಖಾನಾವಳಿ. ಹೆಸರು ಹೊಳೆಯುವವರೆಗೆ ಬರೀ ಖಾನಾವಳಿ ಎಂದೇ ಬರೆದೆ. ಅದರ ಎದುರು ಹಳೇ ಕತ್ತಿ ಕೊಳ್ಳುವ ಕಮ್ಮಾರ, ಪಕ್ಕದಲ್ಲಿ ಶೂ ರಿಪೇರಿಯ ಅಂಗಡಿ. ಅಂಗಡಿಯ ಕೆಳಗೆ ನೆಲಮಾಳಿಗೆ ಇದೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಅದರೊಳಗೇನಿದೆ ಎಂದು ಬರೆಯಲಿಲ್ಲ. ವಂಶಾವಳಿಯ ನೋಟ್‌ಬುಕ್ ಚೀಲದಲ್ಲೇ ಉಳಿಯಿತು. ಅದನ್ನು ಎಸೆಯುವುದಿಲ್ಲ, ಯಾರಾದರೂ ಒಂದು ದಿನ ಕೇಳಬಹುದು.

ಹಿಂತಿರುಗುವ ರೈಲು ಷಿಕಾಗೊ ಸೇರುವಾಗ ಕತ್ತಲಾಗಿತ್ತು, ನದಿಯ ಮೇಲೆ ಸಾಲುದೀಪ. ಮುಂದಿನ ಶನಿವಾರ ನಾನು ಕಡವನ್ನು ವರ್ಣಿಸಿ, ದೋಣಿಯವನು ಹುಟ್ಟು ಹಿಡಿದು ಕಾಯುತ್ತಿದ್ದಾನೆ ಎಂದು ಹೇಳಿ, “ಏನು ಮಾಡ್ತೀರಿ?” ಎಂದು ಕೇಳಿದೆ. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ನಮ್ಮ ಗುಂಪಿನ ಕಳ್ಳಿಯ ಪಾತ್ರಧಾರಿ ಮೈಕ್ ಹತ್ತಿರ ಬಂದು ಕೇಳಿದಳು:

“ದೋಣಿ ನಿಲ್ಲಿಸದೇ ಹತ್ತೋಕಾಗುತ್ತಾ?”

ದಾಳ ಹಾಕು ಎಂದೆ.