ಜಗತ್ತಿನ ತುದಿ, ಉಲ್ಟಾ

ಇವತ್ತು ಅರ್ಜೆಂಟೀನಾದ ದಕ್ಷಿಣ ತುದಿಯ ಊರು ಉಶುವಾಯಿಯಲ್ಲಿ ಹಡಗಿನಿಂದ ಇಳಿದೆವು. ಬಂದರಿನ ಹತ್ತಿರವೇ ಪ್ರವಾಸಿ ಮಾಹಿತಿ ಕಚೇರಿ. 'ಫಿನ್ ದೆಲ್ ಮುಂದೋ', ಅಂದರೆ ಜಗತ್ತಿನ ತುದಿ ಅನ್ನೋ ಸೀಲು ಅಲ್ಲಿ ಪುಕ್ಕಟೆ!

ನನ್ನ ಮುಂದಿದ್ದವರು ಪಾಸ್‌ಪೋರ್ಟನ್ನೇ ಬಿಡಿಸಿ ಹಿಡಿದಿದ್ದರು. ನನ್ನ ಕೈಯೂ ಜೇಬಿಗೆ ಹೋಯಿತು. ಆದರೆ ಅದು ಸುಮ್ನೆ ನೆನಪಿನ ಸೀಲು, ಸರ್ಕಾರದ್ದಲ್ಲ. ಮುಂದೆ ಯಾವುದೋ ಗಡಿಯಲ್ಲಿ 'ಪಾಸ್‌ಪೋರ್ಟ್ ಕೆಡಿಸಿದ್ದೀರಿ' ಅಂತ ತಕರಾರು ತೆಗೆದರೆ? ಡೈರಿ ತೆಗೆದೆ.

ತಮಾಷೆ ಅಂದರೆ, ಹಡಗಿನಲ್ಲಿ ಬಂದವರಿಗೆ ಎಷ್ಟೋ ಬಂದರುಗಳಲ್ಲಿ ನಿಜವಾದ ಸೀಲೇ ಬೀಳುವುದಿಲ್ಲ. ಪ್ರಯಾಣಿಕರ ಪಟ್ಟಿ ನೋಡಿ ಬಿಟ್ಟುಬಿಡುತ್ತಾರೆ. ಯುರೋಪಿನಲ್ಲಿ ಒಂದೇ ವೀಸಾ ನಡೆಯುವ ಷೆಂಗೆನ್ ದೇಶಗಳಂತೂ 2025ರ ಅಕ್ಟೋಬರ್‌ನಿಂದ ಸೀಲಿನ ಬದಲು ಬೆರಳಚ್ಚು, ಫೋಟೋ ಶುರುಮಾಡಿವೆ. ಇಷ್ಟು ದೂರ ಬಂದು ಪುಟ ಖಾಲಿ ಇದ್ದರೆ ಏನೋ ಮೋಸ ಹೋದಂತೆ ಅನಿಸುತ್ತೆ, ಅಲ್ವಾ? (ನನಗಂತೂ ಅನಿಸುತ್ತೆ. ಚಿಕ್ಕ ಮಕ್ಕಳ ಬುದ್ಧಿ.)

ಡೈರಿಯಲ್ಲಿ ಸೀಲನ್ನು ಜೋರಾಗಿಯೇ ಒತ್ತಿದೆ. ಶಾಯಿ ಜಾಸ್ತಿಯಾಗಿತ್ತು. ಆರುವ ಮುಂಚೆ ಡೈರಿ ಮುಚ್ಚಿಬಿಟ್ಟೆ.

ಹಡಗಿಗೆ ವಾಪಸ್ ಬಂದು ತೆರೆದು ನೋಡಿದರೆ, ಎದುರು ಪುಟದಲ್ಲೂ ಮಸುಕಾಗಿ ಇನ್ನೊಂದು ಜಗತ್ತಿನ ತುದಿ. ಅಕ್ಷರ ಎಲ್ಲ ಉಲ್ಟಾ.